ಇವತ್ತು ಬೀದಿಯಲ್ಲಿ ಏನಿದೆ

ಆ ಮನೆಯಲ್ಲಿ ಬೆಳಗಿನ ಚಹಾ ಮಾಡಲು ಇಬ್ಬರು ಬೇಕಾಗಿತ್ತು. ತಾತ ಪಾತ್ರೆ ಇಟ್ಟು ನೀರು ಹಾಕಿ, ಡಬ್ಬದ ಮುಚ್ಚಳ ತೆಗೆದು ಪುಡಿ ಉದುರಿಸುತ್ತಿದ್ದ. ಅಜ್ಜಿ ಶಾಲು ಹೊದ್ದು ಒಲೆಯ ಪಕ್ಕ ನಿಂತು ನೋಡುತ್ತಿದ್ದಳು.

"ಎಲ್ಲಿಗೆ ಬಂತು?" ಎಂದು ತಾತ ಕೇಳುತ್ತಿದ್ದ.

"ಅಂಚಿನಲ್ಲಿ ಮುತ್ತು ಕಟ್ತಿದೆ."

"ಈಗ?"

"ಕುದೀತು. ಬಣ್ಣ ಬಿಡ್ತಿದೆ. ಇನ್ನೂ ಸ್ವಲ್ಪ ಇರಿ. ಸಾಕು, ಹಾಲು ಹಾಕಿ."

ಹಾಲು ಬೀಳುವ ಹೊತ್ತಿಗೆ ಅಜ್ಜಿಗೆ ತಾನು ಅಲ್ಲಿ ಯಾಕೆ ನಿಂತಿದ್ದೇನೆ ಎಂಬುದೇ ಮರೆತುಹೋಗಿರುತ್ತಿತ್ತು. ಲೋಟ ಕೈಗೆ ಬಂದಾಗ ಸುತ್ತ ನೋಡಿ, "ಇದು ಯಾರ ಮನೆ?" ಎನ್ನುತ್ತಿದ್ದಳು.

"ನಮ್ಮ ಮಗಳ ಮನೆ."

"ಚಹಾ ಚೆನ್ನಾಗಿ ಮಾಡ್ತಾರೆ ಈ ಮನೆಯವರು."

ಅಷ್ಟರಲ್ಲಿ ಮಗಳು ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ಬರುತ್ತಿದ್ದಳು. ಹಲ್ಲಿನ ಡಾಕ್ಟರೊಬ್ಬರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಕೆಲಸ ಅವಳದು. ಫೋನು ಎತ್ತುವುದು, ನೋವೆಂದು ಬಂದವರನ್ನು ಸಮಾಧಾನ ಮಾಡಿ ಕೂರಿಸುವುದು. "ಒಂದು ಲೋಟ ಚಹಾಕ್ಕೆ ಎರಡು ಆಳು. ದಾರಿ ಬಿಡಿ ಅಪ್ಪ, ಹೊತ್ತಾಯ್ತು," ಎಂದು ಇಬ್ಬರ ನಡುವೆ ಕೈ ತೂರಿಸಿ ಬ್ರೆಡ್ಡು ಎಳೆದುಕೊಳ್ಳುತ್ತಿದ್ದಳು. ಅಳಿಯ ಬೇಕರಿಯ ವ್ಯಾನು ಓಡಿಸುವವನು, ನಸುಕಿನಲ್ಲೇ ಹೊರಟುಹೋಗಿರುತ್ತಿದ್ದ. ಮೊಮ್ಮಗಳು ಚಪ್ಪಲಿ ಅಂಗಡಿಯ ಕೆಲಸಕ್ಕೆ, ತಿನ್ನುವುದನ್ನು ಬಾಯಲ್ಲಿಟ್ಟುಕೊಂಡೇ ಮೆಟ್ಟಿಲಿಳಿಯುತ್ತಿದ್ದಳು.

ಎಲ್ಲರೂ ಹೋದ ಮೇಲೆ ಮನೆ ಉಸಿರು ಬಿಟ್ಟು ಕೂರುತ್ತಿತ್ತು. ಎರಡು ಬೀದಿ ಸೇರುವ ಮೂಲೆಯಲ್ಲಿ, ಮೊದಲನೇ ಮಹಡಿ. ದೊಡ್ಡ ಕಿಟಕಿಯ ಪಕ್ಕ ಎರಡು ಕುರ್ಚಿ. ಬಿಸಿಲು ತೆಳುವಾದ ಪರದೆಯೊಳಗಿಂದ ಸೋಸಿ ಬಂದು ನೆಲದ ಮೇಲೆ ಹಾಲು ಚೆಲ್ಲಿದ ಹಾಗೆ ಹರಡುತ್ತಿತ್ತು.

"ಇವತ್ತು ಬೀದಿಯಲ್ಲಿ ಏನಿದೆ, ಟಿಕೀಟು?" ಎನ್ನುತ್ತಿದ್ದ ತಾತ.

ಟಿಕೀಟು ಎನ್ನುವುದು ಅವನು ಅವಳಿಗಿಟ್ಟ ಹೆಸರು. ಹರೆಯದಲ್ಲಿ ಅಜ್ಜಿ ಈ ಬೀದಿಯ ಕೊನೆಯಲ್ಲಿದ್ದ ಸಿನಿಮಾ ಮಂದಿರದ ಕಿಂಡಿಯೊಳಗೆ ಕೂತು ಟಿಕೀಟು ಹರಿಯುತ್ತಿದ್ದವಳು. ಪಕ್ಕದಲ್ಲೇ, ಬಾಗಿಲಿಗಿಂತ ಕೊಂಚ ಅಗಲವಾದ ಗೂಡಿನಲ್ಲಿ, ತಾತನ ಬೀಗ ರಿಪೇರಿಯ ಅಂಗಡಿ. ಒಂದು ದಿನ ಟಿಕೀಟು ಕೋಣೆಯ ಬೀಗ ಕಚ್ಚಿಕೊಂಡು ಅವಳು ಒಳಗೇ ಸಿಕ್ಕಿಬಿದ್ದಳು. ಆಟ ಶುರುವಾಗಿ ಮುಗಿಯುವವರೆಗೂ ಅವನು ಆ ಬೀಗದ ಮುಂದೆ ಕೂತಿದ್ದ. ಬೇಗ ತೆಗೆಯಬಹುದಿತ್ತು, ಆದರೆ ಒಳಗಿನ ಮಾತು ಚೆನ್ನಾಗಿತ್ತು ಎಂದು ಮದುವೆಯಾದ ಮೇಲೆ ಒಪ್ಪಿಕೊಂಡ. ಅಂದಿನಿಂದ ಅವಳಿಗೆ ಅವನು "ಬೀಗದವರು."

"ಗಡಿಯಾರದವನು ಬಾಗಿಲು ತೆಗೀತಿದ್ದಾನೆ," ಎಂದು ಅಜ್ಜಿ ಹೇಳುತ್ತಿದ್ದಳು. "ಹಾಲಿನ ಬಂಡಿ ನಿಂತಿದೆ. ಬಿಳಿ ಕುದುರೆ ತಲೆ ಒದರ್ತಿದೆ. ಸಿನಿಮಾ ಮುಂದೆ ಆಗಲೇ ಸಾಲು ಬೆಳೆದಿದೆ ರೀ. ನಾನಿಲ್ಲಿ ಕೂತ್ರೆ ಹೇಗೆ?"

"ಇವತ್ತು ನಿನಗೆ ರಜ."

"ಹಾಗಾ? ಯಾರು ಕೊಟ್ರು?"

"ನಾನೇ."

ಗಡಿಯಾರದವನು ಸತ್ತು ಎಷ್ಟೋ ಕಾಲವಾಗಿತ್ತು. ಅವನ ಅಂಗಡಿಯಿದ್ದಲ್ಲಿ ಈಗ ಬ್ಯಾಂಕಿದೆ. ಕುದುರೆಯನ್ನು ನೆನಪಿಟ್ಟುಕೊಂಡವರು ಇವರಿಬ್ಬರ ಹೊರತು ಊರಲ್ಲಿ ಉಳಿದಿರಲಿಲ್ಲ. ಮಗಳು ಮನೆಯಲ್ಲಿದ್ದ ದಿನ ತಿದ್ದುತ್ತಿದ್ದಳು: "ಅಮ್ಮ, ಅದು ಕುದುರೆಯಲ್ಲ, ಕೊರಿಯರ್ ಗಾಡಿ. ಅಪ್ಪ, ಅವಳು ಇಲ್ಲದ್ದು ಹೇಳ್ತಾಳೆ, ನೀವು ತಲೆ ಆಡಿಸ್ತೀರಲ್ಲ."

"ನನ್ನ ತಲೆ, ನಾನು ಆಡಿಸ್ತೀನಿ," ಎನ್ನುತ್ತಿದ್ದ ತಾತ.

ಒಂದು ಬೆಳಿಗ್ಗೆ ತಾತ ಸ್ನಾನಕ್ಕೆ ಹೋಗಿದ್ದಾಗ ಅಜ್ಜಿ ಶಾಲು ಹೊದ್ದು ಮೆಟ್ಟಿಲಿಳಿದು ಹೋಗಿಬಿಟ್ಟಳು. ಸಿಕ್ಕಿದ್ದು ಬೀದಿಯ ಕೊನೆಯ ಪೀಠೋಪಕರಣದ ಅಂಗಡಿಯಲ್ಲಿ. ಸಿನಿಮಾ ಮಂದಿರ ಕೆಡವಿ ಕಟ್ಟಿದ ಅಂಗಡಿ ಅದು. ಅಜ್ಜಿ ಹಣ ಕಟ್ಟುವ ಮೇಜಿನ ಹಿಂದೆ ಕೂತು, ಮಂಚ ಕೊಳ್ಳಲು ಬಂದ ಹೊಸ ದಂಪತಿಗೆ, "ಇಬ್ಬರಾ? ಕೆಳಗೆ ಭರ್ತಿ, ಬಾಲ್ಕನಿ ಕೊಡ್ಲಾ?" ಎಂದು ಕೇಳುತ್ತಿದ್ದಳಂತೆ. ಮಗಳು ರಿಂಗಾಗುತ್ತಿದ್ದ ಫೋನು ಬಿಟ್ಟು ಓಡಿ ಬಂದಳು. ಅವಳು ಹಾಗೆ ಓಡಿ ಬಂದದ್ದು ಅದೇ ಮೊದಲಲ್ಲ. ಹಲ್ಲಿನ ಡಾಕ್ಟರು ರೇಗಲಿಲ್ಲ; "ಮನೆಯನ್ನ ಒಂದು ಹದಕ್ಕೆ ತನ್ನಿ," ಎಂದರು ಅಷ್ಟೆ. ರೇಗಿದ್ದರೇ ವಾಸಿಯಿತ್ತು ಎನಿಸಿತು ಅವಳಿಗೆ.

ಆ ಭಾನುವಾರ ಮಗ ಬಂದ. ಊರಿನ ಇನ್ನೊಂದು ತುದಿಯಲ್ಲಿ ಶಾಲಾ ಮೇಷ್ಟ್ರು. ಊಟದ ಮೇಜಿನಲ್ಲೂ ಪಾಠ ಮಾಡುವ ಹಾಗೆ ಮಾತಾಡುತ್ತಿದ್ದ.

"ಈಗ ನಮ್ಮ ಮುಂದೆ ಎರಡು ದಾರಿ ಇದೆ," ಎಂದು ಶುರು ಮಾಡಿದ.

"ಮಾವ, ಬೋರ್ಡು ತರ್ಲಾ?" ಎಂದಳು ಮೊಮ್ಮಗಳು.

"ನೀನು ಸುಮ್ನಿರೇ," ಎಂದಳು ಮಗಳು. "ಹೇಳಣ್ಣ."

"ಒಂದು, ಅಮ್ಮನನ್ನ ನೋಡ್ಕೊಳ್ಳೋ ಕಡೆ ಸೇರಿಸೋದು. ಇನ್ನೊಂದು, ಮನೆಗೇ ಯಾರನ್ನಾದ್ರೂ ಕರೆಸೋದು. ಆರೈಕೆ ಕಲಿತವರು ಸಿಗ್ತಾರೆ. ಬೆಳಿಗ್ಗೆ ಬಂದು ಸಂಜೆ ಹೋಗ್ತಾರೆ."

"ನಾನಿದ್ದೀನಲ್ಲ," ಎಂದ ತಾತ.

"ನೀವಿದ್ದಾಗಲೇ ಅಪ್ಪ, ಅಮ್ಮ ಎದ್ದು ಹೋಗಿದ್ದು."

"ಸ್ನಾನ ಮಾಡ್ತಿದ್ದೆ. ಮನುಷ್ಯ ಸ್ನಾನ ಮಾಡಬಾರದಾ?"

"ಮಾವ, ನಿಮಗೂ ಸ್ವಲ್ಪ ವಿಶ್ರಾಂತಿ ಸಿಗುತ್ತೆ," ಎಂದ ಅಳಿಯ ಮೆತ್ತಗೆ.

"ನಾನೇನು ಕಲ್ಲು ಹೊರ್ತಿದ್ದೀನಾ?"

ಅಜ್ಜಿ ಮಗನ ತಟ್ಟೆಗೆ ಆಲೂಗಡ್ಡೆ ಬಡಿಸುತ್ತ, "ತಗೊಳ್ಳಿ, ಸಂಕೋಚ ಪಡಬೇಡಿ. ನಿಮ್ಮ ಮನೆಯವರೆಲ್ಲ ಚೆನ್ನಾಗಿದ್ದಾರಾ?" ಎಂದಳು. ಮಗ ತಟ್ಟೆ ನೋಡುತ್ತ, "ಚೆನ್ನಾಗಿದ್ದಾರೆ," ಎಂದ. ಊಟ ಮುಗಿಯುವ ಹೊತ್ತಿಗೆ ಮನೆಗೇ ಒಬ್ಬರನ್ನು ಕರೆಸುವುದೆಂದು ತೀರ್ಮಾನವಾಯಿತು.

ಬಂದಾಕೆಯನ್ನು ಎಲ್ಲರೂ ಸಿಸ್ಟರ್ ಎಂದೇ ಕರೆದರು. ಆಕೆ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡಬೇಕು. ಅಜ್ಜಿಯ ಉಗುರು ಕತ್ತರಿಸಿದಳು, ಬಿರಿದ ಹಿಮ್ಮಡಿಗೆ ಮುಲಾಮು ಹಚ್ಚಿದಳು, ತಲೆ ತೊಳೆದು ಬಿಸಿಲಲ್ಲಿ ಕೂದಲು ಬಿಡಿಸಿದಳು. ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಸರಳು ಹಾಕಿಸಿದಳು. ಮನೆಯಲ್ಲಿ ಸೋಪಿನ ವಾಸನೆ ತುಂಬಿತು. ಮಗಳು ಕ್ಲಿನಿಕ್ಕಿನಿಂದ ಬಂದು, ಮಡಿಸಿಟ್ಟ ಬಟ್ಟೆ ನೋಡಿ, ಅಳು ಬರುವಷ್ಟು ಹಗುರಾದಳು.

ಆದರೆ ಆಕೆ ಮನೆಯನ್ನು ತನ್ನ ಕೈಗೆ ಹೊಂದುವ ಹಾಗೆ ಜೋಡಿಸಿಕೊಂಡಳು. ಲೋಟಗಳು ಮೇಲಿನ ಕಪಾಟಿಗೆ ಹೋದವು. ಸಕ್ಕರೆ ಉಪ್ಪಿನ ಡಬ್ಬಗಳು ಜಾಗ ಬದಲಿಸಿದವು. ಬೀದಿ ನೋಡಿದರೆ ಅಜ್ಜಿಗೆ ಹೊರಗೆ ಹೋಗುವ ಆಸೆ ಹೆಚ್ಚುತ್ತದೆಂದು ಕುರ್ಚಿಗಳನ್ನು ಕಿಟಕಿಯಿಂದ ಎಳೆದು ಟಿವಿಯ ಮುಂದೆ ಹಾಕಿದಳು. ಚಹಾ ಒಬ್ಬಳೇ ಮಾಡಿದಳು. ತಾತ ಅಡುಗೆಮನೆಗೆ ಬಂದರೆ, "ನೀವು ಕೂತ್ಕೊಳ್ಳಿ ಯಜಮಾನ್ರೇ, ನಾನಿರೋದು ಮತ್ಯಾಕೆ?" ಎನ್ನುತ್ತಿದ್ದಳು.

ತಾತನಿಗೆ ಏನೋ ಆಯಿತು. ನಡುಮನೆಗೆ ಬಂದ ಹೊಸ ಮೇಜಿಗೆ ಮೊಣಕಾಲು ಹೊಡೆದುಕೊಂಡ. ಒಂದು ಲೋಟ ಒಡೆದ, ಎರಡು ದಿನಕ್ಕೆ ಇನ್ನೊಂದು. ನೀರನ್ನು ಲೋಟದ ಪಕ್ಕಕ್ಕೆ ಸುರಿದ. ಸೂಪಿಗೆ ಸಕ್ಕರೆ ಹಾಕಿಕೊಂಡು, ಎಲ್ಲರೂ ನೋಡುತ್ತಿದ್ದಾರೆಂದು ತಿಳಿದು, "ನನಗೆ ಹೀಗೇ ಇಷ್ಟ," ಎಂದು ಪೂರ್ತಿ ಕುಡಿದ.

"ಮಾವನಿಗೆ ಆಕೆ ಮೇಲೆ ಸಿಟ್ಟು," ಎಂದ ಅಳಿಯ ಹೆಂಡತಿಯ ಹತ್ತಿರ. "ಬೇಕಂತಲೇ ಮಾಡ್ತಿದ್ದಾರೆ."

"ಅಪ್ಪನ ಹಟ ನಿಮಗೆ ಗೊತ್ತಿಲ್ಲ. ಒಂದು ತಿಂಗಳು ಹೋಗ್ಲಿ, ಸರಿಹೋಗ್ತಾರೆ."

ತಾತ ಸರಿಹೋಗಲಿಲ್ಲ, ಹಾಸಿಗೆ ಹಿಡಿದ. ಗೋಡೆಯ ಕಡೆ ಮುಖ ಮಾಡಿ ಮಲಗಿ, ಕೇಳಿದರೆ ಸೊಂಟ ನೋವು ಎನ್ನುತ್ತಿದ್ದ. ಇತ್ತ ಅಜ್ಜಿ ಮೊದಮೊದಲು ಟಿವಿಯಲ್ಲಿ ಕಂಡ ಮುಖಗಳನ್ನೆಲ್ಲ ಗುರುತು ಹಿಡಿದು ಮಾತಾಡಿಸಿದಳು. ಅವರು ಯಾರೂ ಉತ್ತರ ಕೊಡಲಿಲ್ಲ. ಬರುಬರುತ್ತ ಅವಳೂ ಮಾತು ಕಡಿಮೆ ಮಾಡಿದಳು. ಒಮ್ಮೊಮ್ಮೆ ಎದ್ದು ಬಾಗಿಲ ಚಿಲಕಕ್ಕೆ ಕೈ ಹಾಕುತ್ತಿದ್ದಳು. ಅದಕ್ಕೆ ಅಳಿಯ ಒಂದು ಹೊಸ ಬೀಗ ತಂದು ಬಾಗಿಲಿಗೆ ಕೂರಿಸಿದ. ಒಳಗಿನಿಂದಲೂ ಕೀಲಿ ಬೇಕು.

ಸ್ಕ್ರೂ ತಿರುಗಿಸುವ ಸದ್ದಿಗೆ ತಾತ ಎದ್ದು ಬಂದ. ಬೀಗದ ಮೇಲೆ ಹೆಬ್ಬೆರಳು ಆಡಿಸಿ, ಕೀಲಿಯ ಕಂಡಿಯ ಹತ್ತಿರ ಕಿವಿ ಇಟ್ಟು, "ಒಳ್ಳೇ ಬೀಗ. ಎಲ್ಲಿ ತಂದೆ?" ಎಂದ. ವಾರಗಳ ನಂತರ ಅವನ ಮುಖದಲ್ಲಿ ನಗು ಕಂಡು ಅಳಿಯನಿಗೆ ಖುಷಿಯಾಯಿತು.

ಮರುದಿನ ಮಧ್ಯಾಹ್ನ ಸಿಸ್ಟರ್ ಒಗೆದ ಹೊದಿಕೆಗಳನ್ನು ಒಣಹಾಕಲು ಬಾಗಿಲಿಗೆ ಬೀಗ ಹಾಕಿ ತಾರಸಿಗೆ ಹೋದಳು. ತಾತ ಅಜ್ಜಿಯ ಮುಡಿಯಿಂದ ಒಂದು ಪಿನ್ನು ಎಳೆದುಕೊಂಡ.

"ಏನ್ರೀ ಮಾಡ್ತೀರಿ?"

"ನೀನು ಒಳಗೆ ಸಿಕ್ಕಿಬಿದ್ದಿದ್ದೀಯ ಅಂತ ಯಾರೋ ಹೇಳಿ ಕಳಿಸಿದ್ರು."

ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟು ನಕ್ಕಳು. ಬೀಗ ತೆರೆಯಿತು.

ಮೊಮ್ಮಗಳು ಆ ಹೊತ್ತಿಗೆ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಯೊಬ್ಬಳ ಪಾದದ ಮುಂದೆ ಮಂಡಿಯೂರಿ ಕೂತಿದ್ದಳು. ಗಾಜಿನ ಬಾಗಿಲ ಆಚೆ ಹೋಗುವವರನ್ನು ಮೊದಲು ಕಾಲಿನಿಂದ ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಒಂದು ಜೊತೆ ಮನೆಯೊಳಗೆ ಹಾಕುವ ಬಟ್ಟೆಯ ಚಪ್ಪಲಿ. ಅದರ ಪಕ್ಕ ಗಂಡಸಿನ ಶೂ, ಒಂದು ಕಂದು, ಒಂದು ಕಪ್ಪು. ತಲೆಯೆತ್ತಿದಳು. ಕೈಯಲ್ಲಿದ್ದ ಶೂ ಗಿರಾಕಿಯ ಮಡಿಲಲ್ಲಿಟ್ಟು, "ಈಗ ಬಂದೆ," ಎಂದು ಹೊರಗೆ ಓಡಿದಳು.

ಕೂಗಬೇಕೆಂದಿದ್ದಳು. ಆದರೆ ಅವರ ಮಾತು ಕಿವಿಗೆ ಬಿದ್ದು ಸುಮ್ಮನೆ ಹಿಂದೆ ನಡೆದಳು.

"ಮುಂದೆ ಒಂದು ಮೆಟ್ಟಿಲು. ಕೆಳಗೆ," ಎನ್ನುತ್ತಿದ್ದಳು ಅಜ್ಜಿ. "ಹ್ಞಾ. ಈಗ ಕಂಬ, ಎಡಕ್ಕೆ ಬನ್ನಿ."

"ಅಂಗಡಿಗಳೆಲ್ಲ ತೆಗೆದಿವೆಯಾ?"

"ತೆಗೆದಿವೆ. ಹೂವಿನವಳು ನೀರು ಚಿಮುಕಿಸ್ತಿದ್ದಾಳೆ. ನಿಮ್ಮ ಅಂಗಡಿ ಮುಚ್ಚಿದೆ ನೋಡಿ, ಯಾರೋ ಕಾದಿದ್ದಾರೆ. ನೀರು ನಿಂತಿದೆ, ದಾಟಿ."

ನೀರು ನಿಜವಾಗಿಯೂ ನಿಂತಿತ್ತು. ತಾತ ದಾಟಿದ. ಹೂವಿನವಳು ಇರಲಿಲ್ಲ, ಅಲ್ಲಿ ಒಂದು ಎಟಿಎಂ ಇತ್ತು. ಮೊಮ್ಮಗಳು ಬೇಗ ನಡೆದು ಸುತ್ತಿಬಂದು ಅವರ ಎದುರಿಗೇ ನಿಂತಳು. ಅಜ್ಜಿ ಅವಳನ್ನು ನೋಡಿ ಯಾರಿಗೋ ನಗುವ ಹಾಗೆ ನಕ್ಕಳು. ತಾತನ ಮುಖ ನೇರ ಅವಳ ಮುಖಕ್ಕೆ ಎದುರಾಗಿತ್ತು. ಕಣ್ಣುಗಳು ತೆರೆದಿದ್ದವು.

"ಯಾರೋ ನಿಂತಿದ್ದಾರಾ?" ಎಂದ ತಾತ. ಆಮೇಲೆ ಅವಳ ಕಡೆ ತಿರುಗಿ, ಬಹಳ ವಿನಯದಿಂದ, "ಅಮ್ಮಾ, ಸ್ವಲ್ಪ ದಾರಿ ಬಿಡ್ತೀರಾ?" ಎಂದ.

ತನ್ನನ್ನು ಎತ್ತಿ ಆಡಿಸಿದ ತಾತ ತನಗೆ ಬಹುವಚನ ಹಾಕಿದ್ದು ಕೇಳಿ ಹುಡುಗಿಗೆ ಬೀದಿಯೇ ಒಂದು ಸುತ್ತು ತಿರುಗಿತು. ಪಕ್ಕಕ್ಕೆ ಸರಿದಳು. ಅವರು ಮುಂದೆ ಹೋದರು.

ಪೀಠೋಪಕರಣದ ಅಂಗಡಿಯಲ್ಲಿ ಹಗಲಲ್ಲೂ ಸಣ್ಣಸಣ್ಣ ದೀಪ ಹಚ್ಚಿಟ್ಟಿದ್ದರು. ಯಾರೂ ಮಲಗದ ಮಂಚಗಳು, ಯಾರೂ ಉಣ್ಣದ ಮೇಜುಗಳು ಆ ಬೆಳಕಿನಲ್ಲಿ ತೇಲುತ್ತಿದ್ದ ಹಾಗಿತ್ತು. ಗಿರಾಕಿಗಳು ಇರಲಿಲ್ಲ. ಇಬ್ಬರೂ ಒಂದು ಮೆತ್ತನೆಯ ಸೋಫಾದ ಮೇಲೆ ಕೂತರು. ಮಾರಾಟದ ಹುಡುಗ ಹತ್ತಿರ ಬರುತ್ತಿದ್ದಂತೆ ಮೊಮ್ಮಗಳು ಕೈಮುಗಿದು, ಬೇಡ ಎಂದು ಸನ್ನೆ ಮಾಡಿದಳು. ಅವನು ಹಿಂದೆ ಸರಿದ. ಅವಳು ಅವರ ಹಿಂದಿನ ಕುರ್ಚಿಯೊಂದರಲ್ಲಿ ಸದ್ದಿಲ್ಲದೆ ಕೂತಳು.

"ದೀಪ ಇನ್ನೂ ಆರಿಸಿಲ್ಲ," ಎಂದಳು ಅಜ್ಜಿ.

"ಹಾಗಾದ್ರೆ ಶುರುವಾಗಿಲ್ಲ."

"ಜನ ಕಡಿಮೆ ಇವತ್ತು." ಅಜ್ಜಿ ತಿರುಗಿ ನೋಡಿದಳು. "ನಮ್ಮ ಹಿಂದೆ ಕೂತಿರೋ ಹುಡುಗಿ ಅಳ್ತಿದ್ದಾಳೆ."

"ಸಿನಿಮಾ ಶುರುವಾಗೋ ಮುಂಚೇನಾ?"

"ಕೆಲವರು ಹಾಗೇ. ಕಥೆ ಗೊತ್ತಿದ್ದೇ ಬರ್ತಾರೆ."

ಹಿಂದಿನಿಂದ ಹೊಸ ಚಪ್ಪಲಿಯ, ಶೂ ಪಾಲಿಶಿನ ವಾಸನೆ ಬಂತು. ತಾತ ಮೂಗು ಹಿಂದಕ್ಕೆ ತಿರುಗಿಸಿ, "ಪುಟ್ಟಿ, ನೀನಾ?" ಎಂದ.

ಅವಳು ಎದ್ದು ಬಂದು ಅವನ ಕಾಲ ಹತ್ತಿರ ಕೂತಳು. "ಯಾವಾಗಿಂದ ತಾತ?"

"ಅಂಚಿನಿಂದ ಮಂಜು ಕಟ್ಟಿಕೊಂಡು ಬಂತು. ಮೊದಲು ಅಕ್ಕಪಕ್ಕ ಹೋಯ್ತು. ಆಮೇಲೆ ಕೀಲಿ ಕಂಡಿಯಲ್ಲಿ ಇಣುಕಿದ ಹಾಗೆ ನಡುವೆ ಒಂದಿಷ್ಟೇ ಉಳೀತು. ಈಗ ಅದೂ ಇಲ್ಲ. ಬೆಳಕಿದೆಯೋ ಇಲ್ಲವೋ ಅಷ್ಟು ತಿಳಿಯುತ್ತೆ." ಅವನು ಪಕ್ಕದಲ್ಲಿದ್ದ ಅಜ್ಜಿಯ ಕೈ ಹುಡುಕಿ ಹಿಡಿದ. "ಇವಳು ಹೇಳ್ತಾಳೆ, ನಾನು ನಡೀತೀನಿ. ದಾರಿ ನನಗೆ ಗೊತ್ತು, ಕಾಣೋದು ಇವಳಿಗೆ."

"ಆದ್ರೆ ಅಜ್ಜಿ ಹೇಳೋ ಬೀದಿ ಈಗ ಇಲ್ಲ ತಾತ."

"ಗೊತ್ತಮ್ಮ. ಮೆಟ್ಟಿಲು, ಕಂಬ, ಗುಂಡಿ ಇವನ್ನ ಸರಿಯಾಗಿ ಹೇಳ್ತಾಳೆ. ಮಿಕ್ಕಿದ್ದು ಯಾವ ಕಾಲದ್ದಾದ್ರೇನು? ನನಗೆ ಅದೇ ಇಷ್ಟ." ಆಮೇಲೆ ಸ್ವರ ತಗ್ಗಿಸಿ, "ನಿಮ್ಮಮ್ಮನಿಗೆ ಹೇಳಬೇಡ," ಎಂದ.

ಅವಳು ಹೇಳುತ್ತಿರಲಿಲ್ಲವೇನೋ. ಆದರೆ ಮನೆಗೆ ಮರಳುವಾಗ ರಸ್ತೆಯ ನಡುವೆ ಅಜ್ಜಿ ಇದ್ದಕ್ಕಿದ್ದಂತೆ ನಿಂತಳು. ಆಚೆ ಬದಿಯಲ್ಲಿ ಯಾರನ್ನು ಕಂಡಳೋ, ಮುಖ ಅರಳಿತು. "ಅಕ್ಕಾ," ಎಂದು ಕರೆದು ತಾತನ ಕೈ ಬಿಟ್ಟು ಹೊರಟೇಬಿಟ್ಟಳು. ಒಂದು ಗಾಡಿ ಕಿರ್ರನೆ ನಿಂತಿತು. ಮೊಮ್ಮಗಳು ಹಾರಿ ಅಜ್ಜಿಯ ತೋಳು ಹಿಡಿದು ಎಳೆದುಕೊಂಡಳು. ತಿರುಗಿ ನೋಡಿದರೆ ತಾತ ರಸ್ತೆಯ ನಟ್ಟನಡುವೆ ಒಬ್ಬನೇ ನಿಂತಿದ್ದ. ಎರಡೂ ಕಡೆ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು. ಅವನು ಅಲುಗಲಿಲ್ಲ. ಬಿಟ್ಟುಹೋದ ಕೈಯನ್ನು ಹಾಗೇ ಗಾಳಿಯಲ್ಲಿ ಚಾಚಿಕೊಂಡು, "ಟಿಕೀಟು, ಟಿಕೀಟು," ಎಂದು ಮೆಲ್ಲಗೆ ಕರೆಯುತ್ತಿದ್ದ.

ಮನೆಯಲ್ಲಿ ಸಿಸ್ಟರ್ ಹೆದರಿ ಎಲ್ಲರಿಗೂ ಫೋನು ಮಾಡಿಬಿಟ್ಟಿದ್ದಳು. ಸಂಜೆಯ ಊಟಕ್ಕೆ ಮಗನೂ ಬಂದಿದ್ದ.

"ಬೀಗ ತೆಗೆದಿದ್ದು ಹೇಗೆ?" ಎಂದ ಮಗ.

"ಕಳ್ಳನ ಕೈಗೇ ಕೀಲಿ ಕೊಟ್ಟಿದ್ದೆ, ಬಿಡಿ ಭಾವ," ಎಂದ ಅಳಿಯ. "ಊರಿನ ಅರ್ಧ ಬೀಗ ರಿಪೇರಿ ಮಾಡಿದವರಿಗೆ ನಾನು ಬೀಗ ಹಾಕಿದ್ದೆ."

ಮೊಮ್ಮಗಳು ತಟ್ಟೆ ಪಕ್ಕಕ್ಕೆ ಸರಿಸಿ, "ತಾತನಿಗೆ ಕಣ್ಣು ಕಾಣಲ್ಲ," ಎಂದಳು.

"ಕಾಣಲ್ಲ ಅಂದ್ರೆ?"

"ಕಾಣಲ್ಲ ಅಂದ್ರೆ ಕಾಣಲ್ಲ ಅಮ್ಮ. ನಾನು ಎದುರಿಗೇ ನಿಂತಿದ್ದೆ. ನನಗೆ 'ದಾರಿ ಬಿಡ್ತೀರಾ' ಅಂದ್ರು."

ಮಗಳು ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಅಪ್ಪನ ಮುಂದೆ ಬಂದು ನಿಂತಳು. ಒಡೆದ ಲೋಟ, ಸಕ್ಕರೆಯ ಸೂಪು, ಬೆಳಗಿನ ಚಹಾ ಎಲ್ಲ ಒಂದೊಂದಾಗಿ ಅವಳ ಮುಖದ ಮೇಲೆ ಹಾದುಹೋದವು. "ಅಪ್ಪ, ನಾನೇನು ಹೊರಗಿನವಳಾ? ಒಂದು ಮಾತು ಹೇಳೋಕೆ ಆಗ್ಲಿಲ್ವಾ?"

"ಹೇಳಿದ್ರೆ ಏನು ಮಾಡ್ತಿದ್ದೆ?"

"ಡಾಕ್ಟರ ಹತ್ರ ಕರ್ಕೊಂಡು ಹೋಗ್ತಿದ್ದೆ."

"ಆಮೇಲೆ? ಕುರುಡನ ಕೈಲಿ ಅಮ್ಮನನ್ನ ಹೇಗೆ ಬಿಡೋದು ಅಂತಿದ್ದೆ. ಬಿಡ್ತಿದ್ದೆಯಾ?"

ಮಗಳು ಅಪ್ಪನ ತೋಳು ಹಿಡಿದಳು. "ಇವತ್ತು ಇಬ್ಬರೂ ಗಾಡಿಗೆ ಸಿಕ್ಕಿಬಿಡ್ತಿದ್ರಿ," ಎಂದಳು.

"ಹೌದು," ಎಂದ ತಾತ. ಅವನ ದನಿ ಸಣ್ಣದಾಯಿತು. "ಇವತ್ತು ಭಯ ಆಯ್ತು ಮಗಳೇ. ಸುಳ್ಳು ಯಾಕೆ ಹೇಳಲಿ."

ಮಗ ಗಂಟಲು ಸರಿಮಾಡಿಕೊಂಡ. "ಈಗಲಾದ್ರೂ ವಿಚಾರ ಮಾಡೋಣ. ಅಮ್ಮನನ್ನ ನಾನು ಕರ್ಕೊಂಡು ಹೋಗ್ತೀನಿ. ಅಪ್ಪ ಇಲ್ಲಿರ್ಲಿ. ಒಬ್ಬೊಬ್ಬರನ್ನ ನೋಡ್ಕೊಳ್ಳೋದು ಸುಲಭ." ಅವನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ತನ್ನ ಮನೆಯ ಓದುವ ಕೋಣೆಯನ್ನು ಆಗಲೇ ಮನಸ್ಸಿನಲ್ಲಿ ಖಾಲಿ ಮಾಡಿಟ್ಟಿದ್ದ.

"ಬೀಗ ಒಂದು ಮನೇಲಿ, ಕೀಲಿ ಒಂದು ಮನೇಲಿ ಇಟ್ರೆ ಎರಡೂ ಬರೀ ಕಬ್ಬಿಣ ಕಣೋ," ಎಂದ ತಾತ.

ಮಗಳು ತಿರುಗಿ ನೋಡಿದಳು. ಅಮ್ಮ ಈ ಮಾತುಗಳ ನಡುವೆ ಅಪ್ಪನ ತಟ್ಟೆಯ ಮೇಲೆ ಬಗ್ಗಿ ಮೆಲ್ಲಗೆ ಹೇಳಿಕೊಡುತ್ತಿದ್ದಳು: "ಬ್ರೆಡ್ಡು ನಿಮ್ಮ ಕಡೆ. ಮೊಟ್ಟೆ ಆಚೆ. ಬಟ್ಟಲು ಬಿಸಿ ಇದೆ, ಈಗ ಮುಟ್ಟಬೇಡಿ." ಇಷ್ಟು ದಿನ ಪಕ್ಕದಲ್ಲೇ ನಡೆಯುತ್ತಿದ್ದದ್ದನ್ನು ಮಗಳು ಮೊದಲ ಸಲ ಕೇಳಿದಳು.

"ಇಬ್ಬರೂ ಇಲ್ಲೇ ಇರ್ತಾರೆ ಅಣ್ಣ," ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು.

ಕಣ್ಣಿನ ಡಾಕ್ಟರು ಹೋದದ್ದು ಮರಳುವುದಿಲ್ಲ ಎಂದರು. ಉಳಿದ ಬೆಳಕನ್ನು ಕಾಪಾಡಲು ಕಣ್ಣಿಗೆ ಬಿಡುವ ಹನಿ ಬರೆದುಕೊಟ್ಟರು. "ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ವಾಸಿ ಅಂತಾರೆ," ಎಂದ ತಾತ ಹೊರಗೆ ಬಂದು, "ನನಗೆ ಅದನ್ನೂ ಕೊಡಲಿಲ್ಲ ನೋಡು." ಮಗಳು ಅವನ ಕೈ ಬಿಡಲಿಲ್ಲ. ಬಸ್ಸಿನಲ್ಲೂ ಹಿಡಿದೇ ಕೂತಿದ್ದಳು.

ಸಿಸ್ಟರ್ ಇಡೀ ಒಂದು ಬೆಳಿಗ್ಗೆ ತಾತನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು, "ಇದೆಲ್ಲಿತ್ತು ಯಜಮಾನ್ರೇ? ಅದೆಲ್ಲಿತ್ತು?" ಎಂದು ಕೇಳಿಕೇಳಿ ಎಲ್ಲವನ್ನೂ ಹಳೆಯ ಜಾಗಕ್ಕೆ ಇಟ್ಟಳು. "ಮೊದಲೇ ಹೇಳಿದ್ರೆ ಎರಡು ಲೋಟ ಉಳೀತಿತ್ತು," ಎಂದಳು.

"ನಿಮ್ಮ ಚಹಾ ಕುಡಿಯೋದೂ ಉಳೀತಿತ್ತು," ಎಂದ ತಾತ. ಆಕೆಗೆ ನಗು ತಡೆಯಲಾಗಲಿಲ್ಲ.

ನಡುಮನೆಯ ಮೇಜು ಗೋಡೆಗೆ ಹೋಯಿತು. ಕುರ್ಚಿಗಳು ಕಿಟಕಿಗೆ ಮರಳಿದವು. ದಿನಾ ಬೆಳಿಗ್ಗೆ ಸಿಸ್ಟರ್ ಇಬ್ಬರನ್ನೂ ಬೀದಿಗೆ ಕರೆದುಕೊಂಡು ಹೋಗಿ ಬರುತ್ತಿದ್ದಳು; ರಸ್ತೆ ದಾಟುವಾಗ ಇಬ್ಬರ ತೋಳೂ ಅವಳ ಕೈಯಲ್ಲಿ, ಉಳಿದಂತೆ ಎರಡು ಹೆಜ್ಜೆ ಹಿಂದೆ. ಮಗಳು ಹಲ್ಲಿನ ಡಾಕ್ಟರನ್ನು ಕೇಳಿ ಮಧ್ಯಾಹ್ನದ ನಂತರದ ಕೆಲಸ ಬಿಟ್ಟಳು. ಬೇಕರಿಯಲ್ಲಿ ಇನ್ನೊಂದು ಸುತ್ತು ಒಪ್ಪಿಕೊಂಡ ಅಳಿಯ ಸಂಜೆ ಬಂದು ಕೂತಲ್ಲೇ ತೂಕಡಿಸುತ್ತಿದ್ದ. ಮೇಷ್ಟ್ರು ಮಗ ಭಾನುವಾರ ಬಂದು ಅಪ್ಪನ ಕೂದಲು ಕತ್ತರಿಸಿದ. ಒಂದು ಕಡೆ ಗಿಡ್ಡ, ಒಂದು ಕಡೆ ಉದ್ದ. "ಹೇಗಿದೆ?" ಎಂದು ತಾತ ಕೇಳಿದರೆ ಮೊಮ್ಮಗಳು, "ನಿಮಗೆ ಕಾಣದಿರೋದೇ ಒಳ್ಳೇದು ತಾತ," ಎಂದಳು.

ಎಲ್ಲ ನೆಟ್ಟಗಾಯಿತೆಂದಲ್ಲ. ಮಧ್ಯಾಹ್ನ ಮನೆಯಲ್ಲಿರತೊಡಗಿದ ಮಗಳಿಗೆ ಕಿಟಕಿಯ ಮಾತು ಕೇಳಿ ನಾಲಿಗೆ ತುರಿಸುತ್ತಿತ್ತು.

"ಗಡಿಯಾರದವನು ಊಟಕ್ಕೆ ಹೋದ," ಎನ್ನುತ್ತಿದ್ದಳು ಅಜ್ಜಿ.

"ಅಮ್ಮ, ಅಲ್ಲಿ ಬ್ಯಾಂಕಿದೆ."

"ನಾನು ನಿನ್ನನ್ನ ಕೇಳಿಲ್ಲ," ಎನ್ನುತ್ತಿದ್ದ ತಾತ.

ಮಗಳು ಮುಖ ಊದಿಸಿಕೊಂಡು ಒಳಗೆ ಹೋಗುತ್ತಿದ್ದಳು. ಕೆಲಸ ಅರ್ಧ ಬಿಟ್ಟು ಬಂದದ್ದು ಇದಕ್ಕೇನಾ ಎಂದು ತರಕಾರಿ ಕತ್ತರಿಸುವ ಸದ್ದಿನಲ್ಲಿ ಕೇಳಿಸುತ್ತಿತ್ತು.

ದಿನಗಳು ಹೀಗೇ ಒಂದರೊಳಗೊಂದು ಕರಗಿದವು. ಬಿಸಿಲು ನೆಲದ ಮೇಲೆ ಜಾಗ ಬದಲಿಸಿತು. ಅಜ್ಜಿಯ ಬೀದಿ ಮೆಲ್ಲಮೆಲ್ಲಗೆ ಖಾಲಿಯಾಗುತ್ತ ಬಂತು. ಮೊದಲು ಕುದುರೆ ಬರುವುದು ನಿಂತಿತು. ಆಮೇಲೆ ಹೂವಿನವಳು. ಒಂದು ದಿನ ಗಡಿಯಾರದವನ ಅಂಗಡಿಯನ್ನು "ಅದು" ಎಂದಳು, ಮುಂದೆ ಹೇಳಲಾಗಲಿಲ್ಲ. ಚಹಾ ಕುದಿಯುವುದನ್ನು ಸುಮ್ಮನೆ ನೋಡುತ್ತ ನಿಂತಳು. ಅದು ಉಕ್ಕಿತು. ಕೊನೆಗೆ ಮಾತೇ ನಿಂತಿತು. ನೋವಿರಲಿಲ್ಲ, ಜ್ವರವಿರಲಿಲ್ಲ. ಕೊಟ್ಟರೆ ಉಣ್ಣುತ್ತಿದ್ದಳು, ಕರೆದರೆ ತಿರುಗುತ್ತಿದ್ದಳು. ಅವಳನ್ನು ನೋಡಿದ ಡಾಕ್ಟರು ಈ ಮರೆವು ಹೀಗೇ ಎಂದರು.

"ಇವತ್ತು ಬೀದಿಯಲ್ಲಿ ಏನಿದೆ?" ಎಂದು ತಾತ ದಿನವೂ ಕೇಳಿ, ಕಾಯುತ್ತಿದ್ದ. ಉತ್ತರ ಬರದಿದ್ದಾಗ ತಾನೇ ಶುರುಮಾಡುತ್ತಿದ್ದ. ಗಡಿಯಾರದವನು ಬಾಗಿಲು ತೆಗೆದ. ಹಾಲಿನ ಬಂಡಿ ನಿಂತಿದೆ. ಅವಳು ಕೊಟ್ಟಿದ್ದನ್ನೆಲ್ಲ ಅವಳಿಗೇ ಹೇಳುತ್ತಿದ್ದ. ಕೆಲವು ದಿನ ಹಾಗೆ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಅರ್ಧಕ್ಕೆ ನಿಲ್ಲಿಸಿ ಕೈ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟ.

ಮಗಳು ಒಳಗಿನಿಂದ ನೋಡುತ್ತಿದ್ದಳು. ಕೈ ಒರೆಸಿಕೊಂಡು ಬಂದಳು.

"ಯಾಕಪ್ಪ ನಿಲ್ಲಿಸಿದ್ರಿ?"

"ಹೇಳಿದ್ದನ್ನೇ ಎಷ್ಟು ಸಲ ಹೇಳಲಿ. ಅವಳಿಗೂ ಬೇಸರ ಆಗಿರುತ್ತೆ." ಮಗಳ ದನಿಯ ಕಡೆ ತಿರುಗಿ, "ನೀನು ಹೇಳ್ತೀಯಾ?" ಎಂದ.

"ನನಗೆ ಆ ಬೀದಿ ಗೊತ್ತಿಲ್ಲ ಅಪ್ಪ."

"ನಿನಗೆ ಕಾಣೋದನ್ನೇ ಹೇಳು."

ಮಗಳು ನೆಲದ ಮೇಲೆ, ಇಬ್ಬರ ಕುರ್ಚಿಗಳ ನಡುವೆ ಕೂತಳು. ಎಷ್ಟು ವರ್ಷದಿಂದ ಈ ಮನೆಯಲ್ಲಿದ್ದರೂ ಈ ಕಿಟಕಿಯಿಂದ ಅವಳು ಮಳೆ ಬಂತೇ, ಬಸ್ಸು ಬಂತೇ ಎಂದಷ್ಟೇ ನೋಡಿದ್ದಳು.

"ಬಿಸಿಲಿದೆ," ಎಂದಳು.

"ಅದು ನನಗೂ ಗೊತ್ತಾಗುತ್ತೆ."

"ಬ್ಯಾಂಕಿನ ಕಾವಲಿನವನು ಕುರ್ಚಿಯನ್ನ ನೆರಳಿಗೆ ಎಳ್ಕೊಳ್ತಿದ್ದಾನೆ. ನೆರಳು ಅವನಿಗಿಂತ ಸಣ್ಣದು. ಕಾಲು ಬಿಸಿಲಲ್ಲೇ ಇದೆ."

"ಹ್ಞೂ," ಎಂದ ತಾತ.

"ಒಂದು ನಾಯಿ ಎಟಿಎಂ ಬಾಗಿಲಲ್ಲಿ ಮಲಗಿದೆ. ಒಳಗಿಂದ ತಣ್ಣನೆ ಗಾಳಿ ಬರುತ್ತಲ್ಲ, ಅದಕ್ಕೆ. ಜನ ಅದನ್ನ ದಾಟಿಕೊಂಡು ಹೋಗ್ತಿದ್ದಾರೆ. ಯಾರೂ ಎಬ್ಬಿಸ್ತಿಲ್ಲ." ಅವಳ ದನಿ ನಿಧಾನವಾಯಿತು. "ಒಬ್ಬಳು ಹುಡುಗಿ ಫೋನಲ್ಲಿ ಮಾತಾಡ್ತಾ ಕಂಬ ಸುತ್ತುತ್ತಿದ್ದಾಳೆ. ಸುತ್ತುತ್ತಲೇ ಇದ್ದಾಳೆ. ಯಾರ ಜೊತೆ ಅಂತ ಗೊತ್ತಾಗುತ್ತೆ ಬಿಡಿ."

ತಾತ ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡ. ಅಮ್ಮನ ಕೈ ಮಗಳ ತಲೆಗೆ ತಾಗುವಷ್ಟು ಹತ್ತಿರ ಜೋತುಬಿದ್ದಿತ್ತು. ಪರದೆ ಉಬ್ಬಿತು, ಇಳಿಯಿತು.

"ಮೂಲೆಯಿಂದ ಒಬ್ಬ ಹೆಂಗಸು ಬರ್ತಿದ್ದಾಳೆ," ಎಂದಳು ಮಗಳು. "ಒಬ್ಬಳೇ. ಅವಸರ ಇಲ್ಲ ಅವಳಿಗೆ. ಬಿಸಿಲಿಗೆ ಛತ್ರಿ ಹಿಡಿದಿದ್ದಾಳೆ. ಕೆಂಪು ಛತ್ರಿ."

"ಕೆಂಪಲ್ಲ," ಎಂದಳು ಅಮ್ಮ. "ಕಿತ್ತಳೆ."

ಮಗಳು ತಿರುಗಲಿಲ್ಲ. ತಿರುಗಿದರೆ ಆ ಮಾತು ಎಲ್ಲಿ ನಿಂತುಹೋಗುತ್ತದೋ ಎಂದು ಬೀದಿಯನ್ನೇ ದಿಟ್ಟಿಸಿದಳು. ಛತ್ರಿ ನೆರಳಿನಿಂದ ಬಿಸಿಲಿಗೆ ಬಂತು.

"ಹೌದಮ್ಮ," ಎಂದಳು. "ಕಿತ್ತಳೆನೇ."